ಅಂತರ್ಜಲದ ಚಲಿಸುವ ಚಿತ್ರಗಳು ಮತ್ತು ಅವುಗಳನ್ನು ರಚಿಸತಕ್ಕ ಕ್ರಮ

ಬಾವಿಗಳ ನೀರಿನ ಮಟ್ಟವನ್ನು ಅಳೆದು, ಅಂಕಿಗಳನ್ನು ಪಟ್ಟಿಗಳಲ್ಲಿ ಬರೆದು, ಗ್ರಾಮಸಭೆಯ ಮುಂದೆ ಓದುವ ವಾಡಿಕೆಯಿಂದ ರೈತರಿಗೆ ಆಗಿರುವ ಪ್ರಯೋಜನವು ಬಹು ಸ್ವಲ್ಪವೆಂಬುದು ಗ್ರಾಮದ ಮುಖಂಡರೆಲ್ಲರಿಗೂ ಅನುಭವವೇದ್ಯವಾದ ಸಂಗತಿಯಾಗಿದೆ. ಒಂದು ತಾಲ್ಲೋಕಿನಲ್ಲಿ ಮೂವತ್ತು ಬಾವಿಗಳನ್ನು ಗೊತ್ತುಮಾಡಿಕೊಂಡು, ವರ್ಷಕ್ಕೆ ನಾಲ್ಕಾವರ್ತಿಯಂತೆ ಹತ್ತು ವರ್ಷ ಅಳೆದರೆ ೧,೨೦೦ ಅಂಕಿಗಳು ದೊರೆಯುತ್ತವೆ. ಇವುಗಳನ್ನು ಒಬ್ಬನು ಓದುತ್ತ ಹೋದರೆ ಕೇಳುವವರಲ್ಲಿ ಅರ್ಧ ಮಂದಿ ತೂಕಡಿಸುವರು. ಉಳಿದ ಅರ್ಧ ಮಂದಿ ತಮ್ಮ ಊರಿನ ಬಾವಿಯ ಒಂದು ಅಂಕಿಯನ್ನು ಮಾತ್ರ ಕಿವಿಗೆ ಹಾಕಿಕೊಂಡು, ಅದು ಸರಿಯಲ್ಲವೆಂದು ವಾದಕ್ಕೆ ತೊಡಗುವರು. ನೀರು ಯಾವ ಕಡೆಯಲ್ಲಿ ಇಳಿಯುತ್ತಿದೆ, ಯಾವ ಮಳೆಗೆ ಏರಿತು, ಯಾವ ಹೋಬಳಿಯಲ್ಲಿ ಮಳೆಯಾದರೂ ಏರಲೇ ಇಲ್ಲ ಎಂಬ ಮುಖ್ಯ ವಿಷಯಗಳು ಪಟ್ಟಿಯೊಳಗೇ ಹೂತುಹೋಗುವುವು.

ಇವೇ ಅಂಕಿಗಳನ್ನು ಒಂದು ಮೇಲ್ಮೈಯ ಚಿತ್ರವಾಗಿ ಮಾರ್ಪಡಿಸಿ, ಆ ಮೇಲ್ಮೈಯು ಕಾಲಕ್ರಮದಲ್ಲಿ ಏರಿಳಿಯುವುದನ್ನು ತೆರೆಯ ಮೇಲೆ ತೋರಿಸುವ ಪದ್ಧತಿಯು ಈಗ ಪ್ರಚಾರಕ್ಕೆ ಬರುತ್ತಿದೆ. ತಾಲ್ಲೋಕಿನ ಉದ್ದಗಲಕ್ಕೂ ಕಂಬಳಿಯೊಂದನ್ನು ಹಾಸಿದಂತೆಯೂ, ಬೇಸಗೆಯಲ್ಲಿ ಅದು ಅಲ್ಲಲ್ಲಿ ಕುಸಿದು ಮುಂಗಾರು ಹಿಂಗಾರುಗಳಲ್ಲಿ ಮತ್ತೆ ಉಬ್ಬಿದಂತೆಯೂ ಈ ಚಿತ್ರವು ಕಾಣುವುದು. ಅಕ್ಷರ ಬಾರದವನಿಗೂ ಇದು ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಇದು ಪಟ್ಟಣದವರ ಆಟದ ಸಾಮಾನು, ಇದಕ್ಕೆ ದುಡ್ಡು ಸುರಿಯುವ ಬದಲು ಎರಡು ಚೆಕ್‌ಡ್ಯಾಮುಗಳನ್ನು ಕಟ್ಟಿಸಿದರೆ ಲೇಸೆಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಚಿತ್ರವು ಚಲಿಸಿತೆಂಬ ಕಾರಣದಿಂದಲೇ ಅದರಲ್ಲಿ ತೋರಿದ್ದೆಲ್ಲವೂ ನಿಜವೆಂದು ನಂಬಿಬಿಡುತ್ತಾರೆ. ಮೊದಲನೆಯವರ ಮಾತು ಖರ್ಚಿನ ವಿಷಯದಲ್ಲಿ ತಪ್ಪು. ಎರಡನೆಯವರ ನಂಬಿಕೆಯು ಅದಕ್ಕಿಂತಲೂ ಹೆಚ್ಚು ಅಪಾಯಕರವಾದುದು.

ಅಪಾಯವೆಂಬ ಮಾತು ಅತಿಶಯೋಕ್ತಿಯಲ್ಲ. ಕರ್ನಾಟಕದಲ್ಲಿ ೨೦೧೧ನೆಯ ಇಸವಿಯ ಅಂತರ್ಜಲ ಕಾನೂನಿನ ಪ್ರಕಾರ, ಅಧಿಸೂಚಿತ ಪ್ರದೇಶಗಳಲ್ಲಿ ಹೊಸದಾಗಿ ಬಾವಿ ಕೊರೆಯಿಸಬೇಕಾದರೆ ಅನುಮತಿಯನ್ನು ಪಡೆಯತಕ್ಕದ್ದಾಗಿದೆ. ತೋಟವನ್ನು ವಿಸ್ತರಿಸಬೇಕೋ, ತರಿ ಬೆಳೆಯನ್ನು ಬಿಟ್ಟು ರಾಗಿ ತೊಗರಿಗಳಿಗೆ ಹಿಂದಿರುಗಬೇಕೋ, ಸಾಲ ಮಾಡಿ ಇನ್ನೊಂದು ಕೊಳವೆ ಬಾವಿಗೆ ಕೈ ಹಾಕಬೇಕೋ ಎಂಬ ನಿರ್ಣಯಗಳು ಒಂದು ಕುಟುಂಬವನ್ನು ಎತ್ತಲೂ ಬಲ್ಲವು, ಮುಳುಗಿಸಲೂ ಬಲ್ಲವು. ಇಂತಹ ನಿರ್ಣಯಗಳಾಗುವ ಸಭೆಯಲ್ಲಿ ಒಂದು ಚಿತ್ರವನ್ನು ತೋರಿಸಿ ‘ನೋಡಿ, ನಿಮ್ಮ ಊರಿನ ನೀರು ಹೀಗಿದೆ’ ಎಂದು ಹೇಳುವವರು, ಆ ಚಿತ್ರವು ಹೇಗೆ ಆಯಿತೆಂಬುದನ್ನೂ ಹೇಳಲು ಬದ್ಧರು; ಕೇಳುವ ಹಕ್ಕು ಜಮೀನುದಾರರಿಗಿದೆ. ಆದಕಾರಣ ಈ ಚಿತ್ರಗಳ ಒಳಗಿನ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿದುಕೊಳ್ಳುವುದು ಅವಶ್ಯಕ.

ಮೇಲ್ಮೈಯ ಚಿತ್ರವೆಂದರೆ ಮೊದಲು ಒಂದು ಚೌಕಳಿ. ತಾಲ್ಲೋಕಿನ ನಕ್ಷೆಯ ಮೇಲೆ ಮೀನು ಬಲೆಯನ್ನು ಹರಡಿದಂತೆ ಅಡ್ಡ ಉದ್ದ ಗೆರೆಗಳನ್ನು ಎಳೆದು, ಅವು ಕೂಡುವ ಪ್ರತಿಯೊಂದು ಗಂಟಿನಲ್ಲಿಯೂ ನೀರಿನ ಮಟ್ಟ ಇಷ್ಟೆಂದು ಒಂದು ಅಂಕಿಯನ್ನು ಇಡಬೇಕು. ಬಾವಿ ಇರುವ ಕಡೆ ಅಂಕಿಯು ಅಳತೆಯಿಂದ ಬರುವುದು. ಇಲ್ಲದ ಕಡೆ ಸುತ್ತಲಿನ ಬಾವಿಗಳಿಂದ ಅಂದಾಜು ಮಾಡಬೇಕು. ಈ ಅಂದಾಜಿಗೆ ಹಲವು ಕ್ರಮಗಳಿವೆ. ಅವುಗಳಲ್ಲಿ ಕ್ರಿಗಿಂಗ್ ಎಂಬುದು, ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಸಂಬಂಧದಲ್ಲಿ ಡಿ. ಜಿ. ಕ್ರಿಗ್ ಎಂಬವರು ೧೯೫೧ರಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳೆದು ಅವರ ಹೆಸರನ್ನೇ ಹೊತ್ತಿರುವ ಕ್ರಮವು. ಇದರ ಮುಖ್ಯ ಗುಣವೇನೆಂದರೆ, ಪ್ರತಿಯೊಂದು ಗಂಟಿನಲ್ಲಿಯೂ ಅಂದಾಜನ್ನು ಮಾತ್ರವಲ್ಲದೆ, ಆ ಅಂದಾಜು ಎಷ್ಟರ ಮಟ್ಟಿಗೆ ತಪ್ಪಬಹುದೆಂಬುದನ್ನೂ ಅದು ಲೆಕ್ಕಹಾಕಿ ಕೊಡುವುದು. ಬಳಿಕ ಗಂಟುಗಳನ್ನು ಮೂರುಮೂರಾಗಿ ಜೋಡಿಸಿ ತ್ರಿಕೋನಗಳ ಹಾಳೆಯನ್ನಾಗಿ ಮಾಡಿ, ಬಣ್ಣ ತುಂಬಿ, ಬೆಳಕು ನೆರಳುಗಳನ್ನು ಕೊಟ್ಟರೆ ಚಿತ್ರವು ಸಿದ್ಧವಾಯಿತು.

ನಿಂತ ಚಿತ್ರಕ್ಕೆ ಇದು ಕಷ್ಟವಲ್ಲ. ಚಲಿಸುವ ಚಿತ್ರವೆಂದರೆ ಒಂದು ಸೆಕೆಂಡಿಗೆ ಮೂವತ್ತು ಸಲ ಹೊಸದಾಗಿ ಬರೆಯಬೇಕಾದ ಚಿತ್ರ. ಅಂದರೆ ಒಂದೊಂದಕ್ಕೂ ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂವತ್ತಮೂರು ಪಾಲಿನಷ್ಟೇ ಅವಕಾಶ. ಸಾಮಾನ್ಯವಾಗಿ ಬಳಕೆಯಲ್ಲಿರುವ ನಕ್ಷೆಯ ಸಾಧನಗಳು ಈ ಕೆಲಸಕ್ಕಾಗಿ ಹುಟ್ಟಿದವಲ್ಲ. ಜಾನ್ ಹಂಟರ್ ಎಂಬ ಅಮೆರಿಕದ ವಿಜ್ಞಾನಿಯು ೨೦೦೩ರಲ್ಲಿ ಹೊರತಂದ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಧನವು ಲೋಕದಲ್ಲೆಲ್ಲ ಪ್ರಸಿದ್ಧವಾದುದು, ಪುಸ್ತಕದಲ್ಲಿ ಅಚ್ಚುಹಾಕಿಸುವ ನಕ್ಷೆಗಳಿಗೆ ಅತ್ಯುತ್ತಮವಾದುದು, ಮತ್ತು ಯಾವ ಕ್ರಯವನ್ನೂ ಕೊಡದೆ ದೊರೆಯುವುದು. ಆದರೆ ಮೇಲ್ಮೈಯನ್ನು ಬರೆಯುವಾಗ ಅದು ಗಣಕಯಂತ್ರದ ಮುಖ್ಯ ಗಣಕದಲ್ಲಿಯೇ ಎಲ್ಲ ಲೆಕ್ಕವನ್ನೂ ಮಾಡಿ, ಚೂರುಗಳನ್ನು ಹಿಂದಿನಿಂದ ಮುಂದಕ್ಕೆ ಸಾಲಾಗಿ ಜೋಡಿಸಿಕೊಂಡು, ಗೋಡೆಗೆ ಬಣ್ಣ ಬಳಿಯುವವನಂತೆ ಒಂದರ ಮೇಲೊಂದನ್ನು ಬಳಿಯುತ್ತ ಬರುವುದು. ನೋಟದ ದಿಕ್ಕು ಬದಲಾದಾಗಲೆಲ್ಲ ಈ ಜೋಡಣೆಯನ್ನು ಮತ್ತೆ ಮಾಡಬೇಕು. ಚೌಕಳಿಯು ಸ್ವಲ್ಪ ದೊಡ್ಡದಾದರೂ ಚಿತ್ರವು ಬತ್ತದ ಗಾಡಿಯ ಎತ್ತಿನಂತೆ ನಿಂತು ನಿಂತು ನಡೆಯುವುದಕ್ಕೆ ಇದೇ ಕಾರಣ. ಸಾಧನದ ದೋಷ ಇದಲ್ಲ. ಕೊಡಲಿಯಿಂದ ಕಳೆ ಕೀಳಲು ಹೋದವನ ದೋಷ.

ಈ ಕೆಲಸಕ್ಕೆ ಬೇರೆಯೇ ಒಂದು ಯಂತ್ರಾಂಗವಿದೆ. ಅದಕ್ಕೆ ಜಿ. ಪಿ. ಯು. ಎಂದು ಹೆಸರು, ಚಿತ್ರಗಣಕವೆಂದು ಕರೆಯಬಹುದು. ಎನ್‌ವಿಡಿಯ ಕಂಪನಿಯವರು ೧೯೯೯ರಲ್ಲಿ ಜಿಫೋರ್ಸ್ ೨೫೬ ಎಂಬುದನ್ನು ಮಾರುಕಟ್ಟೆಗೆ ತಂದಾಗ ಈ ಹೆಸರು ಹೆಚ್ಚಾಗಿ ಪ್ರಚಾರಕ್ಕೆ ಬಂದಿತು. ೨೦೦೪ರಲ್ಲಿ ಓಪನ್ ಜಿ. ಎಲ್. ಎಂಬ ಚಿತ್ರ ರಚನೆಯ ನಿಬಂಧನೆಯ ಎರಡನೆಯ ಆವೃತ್ತಿಯೊಂದಿಗೆ, ಈ ಗಣಕದೊಳಗೆ ನಡೆಯತಕ್ಕ ಕೆಲಸವನ್ನು ಬರೆಯುವವನೇ ಗೊತ್ತುಮಾಡುವಂತಹ ಒಂದು ಭಾಷೆಯು ಆ ನಿಬಂಧನೆಯ ಅಂಗವಾಯಿತು. ಆ ಭಾಷೆಯಲ್ಲಿ ಬರೆದ ಸಣ್ಣ ಆಜ್ಞಾಪತ್ರಗಳಿಗೆ ಷೇಡರ್ ಎಂದು ಹೆಸರು. ಮುಖ್ಯ ಗಣಕವು ಬಹು ಜಾಣನಾದ ಒಬ್ಬ ಆಳಿನಂತೆ; ಒಂದೊಂದು ಕಾಳನ್ನೂ ಬೊಗ್ಗಿ ಬಿತ್ತುವವನು. ಚಿತ್ರಗಣಕವು ಕೂರಿಗೆಯಂತೆ, ಅದರ ತಾಳುಗಳಿಗೆ ಸ್ವಂತ ಬುದ್ಧಿ ಹೆಚ್ಚಿಲ್ಲ, ಆದರೆ ಎಲ್ಲ ತಾಳುಗಳೂ ಒಟ್ಟಿಗೆ ಒಂದೇ ಕೆಲಸವನ್ನು ಮಾಡುವುವು. ತಾಳುಗಳು ನಾಲ್ಕಲ್ಲ, ನೂರಾರು ಸಾವಿರಾರು ಎಂಬುದೇ ವ್ಯತ್ಯಾಸ. ಯಂತ್ರವು ಹುಡುಗರ ಆಟಗಳ ಸಲುವಾಗಿ ಬೆಳೆಯಿತೆಂದು ಅದನ್ನು ಹೀಗಳೆಯತಕ್ಕದ್ದಲ್ಲ; ಆಟದವರು ಕೊಟ್ಟ ದುಡ್ಡಿನಿಂದಲೇ ಅದು ಎಲ್ಲರ ಕೈಗೆಟುಕುವ ಬೆಲೆಗೆ ಇಳಿಯಿತು.

ಆದರೆ ಚಿತ್ರಗಣಕವಿದ್ದ ಮಾತ್ರಕ್ಕೆ ಕೆಲಸವು ವೇಗವಾಗಿ ನಡೆಯುವುದೆಂದು ತಿಳಿಯುವುದು ತಪ್ಪು. ಅನೇಕರು ಅದನ್ನು ಇಟ್ಟುಕೊಂಡೂ ನಿಧಾನವಾದ ಚಿತ್ರಗಳನ್ನೇ ಬರೆಯುತ್ತಾರೆ. ಏಕೆಂದರೆ ಇಲ್ಲಿ ಹೆಚ್ಚಿನ ಖರ್ಚು ಲೆಕ್ಕ ಮಾಡುವುದರಲ್ಲಿಲ್ಲ, ಸಾಮಾನು ಹೊರುವುದರಲ್ಲಿದೆ. ಮುಖ್ಯ ಗಣಕದ ನೆನಪಿನಿಂದ ಚಿತ್ರಗಣಕದ ನೆನಪಿಗೆ ಒಂದು ದಾರಿಯುಂಟು. ಅಂಕಿಗಳೆಲ್ಲವೂ ಈ ದಾರಿಯಲ್ಲಿಯೇ ಹೋಗಬೇಕು. ಒಂದು ಸಾವಿರ ಉದ್ದ, ಒಂದು ಸಾವಿರ ಅಗಲದ ಚೌಕಳಿಯನ್ನು ತೆಗೆದುಕೊಂಡರೆ ಗಂಟುಗಳು ಹತ್ತು ಲಕ್ಷ. ಒಂದೊಂದು ಗಂಟಿನ ಸ್ಥಾನಕ್ಕೆ ಮೂರು ಅಂಕಿಗಳು, ಬೆಳಕಿನ ದಿಕ್ಕಿಗೆ ಇನ್ನು ಮೂರು, ಅಂಕಿಯೊಂದಕ್ಕೆ ನಾಲ್ಕು ಬೈಟುಗಳಂತೆ, ಒಂದು ಚಿತ್ರಕ್ಕೆ ೨ ಕೋಟಿ ೪೦ ಲಕ್ಷ ಬೈಟುಗಳು. ಸೆಕೆಂಡಿಗೆ ಮೂವತ್ತು ಚಿತ್ರಗಳಾದರೆ ೭೨ ಕೋಟಿ. ಹೊಲದಲ್ಲಿ ಕೆಲಸ ಮಾಡುವ ಆಳು ಒಂದು ಹಿಡಿ ಗೊಬ್ಬರಕ್ಕಾಗಿ ಪ್ರತಿ ಸಲವೂ ಊರಿಗೆ ಹೋಗಿ ಬರುವಂತಹ ಏರ್ಪಾಡು ಇದು.

ಸ್ವಲ್ಪ ಯೋಚಿಸಿ ನೋಡಿದರೆ, ಗಂಟುಗಳ ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಸ್ಥಾನಗಳು ಎಂದಿಗೂ ಬದಲಾಗತಕ್ಕವಲ್ಲ. ಯಾವ ಮೂರು ಗಂಟುಗಳು ಸೇರಿ ಒಂದು ತ್ರಿಕೋನವಾಗುವುದೆಂಬುದೂ ಬದಲಾಗುವುದಿಲ್ಲ. ಬದಲಾಗುವುದು ಎತ್ತರ ಒಂದೇ. ಆದುದರಿಂದ ಬಯಲಾದ ಚೌಕಳಿಯನ್ನು ಒಂದೇ ಸಲ ಚಿತ್ರಗಣಕಕ್ಕೆ ಒಪ್ಪಿಸಿ, ಮುಂದಕ್ಕೆ ಎತ್ತರದ ಅಂಕಿಗಳನ್ನು ಮಾತ್ರ ಕಳುಹಿಸಿದರೆ, ಒಂದು ಚಿತ್ರಕ್ಕೆ ೪೦ ಲಕ್ಷ ಬೈಟುಗಳೇ ಸಾಕು. ಗಂಟುಗಳನ್ನು ಮೇಲೆತ್ತುವ ಕೆಲಸವನ್ನು ಗಂಟಿಗೊಂದರಂತೆ ನಡೆಯುವ ಷೇಡರು ಮಾಡುವುದು. ಬೆಳಕಿನ ದಿಕ್ಕನ್ನೂ ಹೊತ್ತು ತರಬೇಕಾದುದಿಲ್ಲ. ಎಡ ಬಲದ ಮತ್ತು ಹಿಂದು ಮುಂದಿನ ಗಂಟುಗಳ ಎತ್ತರಗಳ ವ್ಯತ್ಯಾಸದಿಂದ ಅಲ್ಲಿನ ಇಳಿಜಾರು ತಿಳಿಯುವುದು, ಇಳಿಜಾರಿನಿಂದ ಬೆಳಕು ನೆರಳು ತಿಳಿಯುವುದು. ಯಾವ ಚೂರು ಮುಂದೆ, ಯಾವುದು ಹಿಂದೆ ಎಂಬ ಜೋಡಣೆಯೂ ಬೇಕಿಲ್ಲ: ತೆರೆಯ ಒಂದೊಂದು ಚುಕ್ಕೆಯಲ್ಲಿಯೂ ಅತಿ ಸಮೀಪದ್ದನ್ನು ಮಾತ್ರ ಉಳಿಸಿಕೊಳ್ಳುವ ಆಳದ ದಫ್ತರವೊಂದು ಚಿತ್ರಗಣಕದಲ್ಲಿ ಸಿದ್ಧವಾಗಿಯೇ ಇರುವುದು.

ಅಂತರ್ಜಲದ ವಿಷಯದಲ್ಲಿ ಇದಕ್ಕಿಂತಲೂ ಮುಂದೆ ಹೋಗಬಹುದು. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಜನವರಿಯಲ್ಲಿ, ಮಳೆಗಾಲಕ್ಕೆ ಮುಂಚೆ, ಆಗಸ್ಟಿನಲ್ಲಿ ಮತ್ತು ನವಂಬರಿನಲ್ಲಿ ಅಳೆಯುತ್ತಾರೆ. ಹತ್ತು ವರ್ಷಗಳಿಗೆ ನಲವತ್ತು ಮೇಲ್ಮೈಗಳು. ಈ ನಲವತ್ತನ್ನೂ ಆರಂಭದಲ್ಲಿಯೇ ಚಿತ್ರಗಣಕದ ನೆನಪಿನಲ್ಲಿ ತುಂಬಿಸಿಟ್ಟರೆ, ಆ ಮೇಲೆ ಕಳುಹಿಸಬೇಕಾದುದು ಕಾಲವೆಂಬ ಒಂದೇ ಒಂದು ಅಂಕಿ, ನಾಲ್ಕು ಬೈಟುಗಳು. ‘ಈಗ ಆಗಸ್ಟಿನಿಂದ ನವಂಬರಿಗೆ ಮೂರನೆಯ ಒಂದು ಪಾಲು ದಾರಿ ಕಳೆದಿದೆ’ ಎಂದು ಹೇಳಿದರಾಯಿತು; ಎರಡು ಮೇಲ್ಮೈಗಳನ್ನು ಆ ಪ್ರಮಾಣದಲ್ಲಿ ಬೆರಸಿಕೊಳ್ಳುವ ಕೆಲಸವನ್ನು ಚಿತ್ರಗಣಕವೇ ಮಾಡಿಕೊಳ್ಳುವುದು. ಕೆರೆಯ ನೀರನ್ನು ಕೊಡದಲ್ಲಿ ಹೊತ್ತು ಗದ್ದೆಗೆ ಸುರಿಯುವುದಕ್ಕೂ, ತೂಬನ್ನು ಒಂದು ಗೇಣು ಎತ್ತುವುದಕ್ಕೂ ಇರುವಷ್ಟು ಭೇದ ಇಲ್ಲಿದೆ. ಅಳತೆಗಳ ನಡುವಣ ಅವಧಿಯು ಒಂದೇ ಸಮನಾಗಿಲ್ಲವೆಂಬುದನ್ನು ಮಾತ್ರ ಮರೆಯಕೂಡದು. ನವಂಬರಿನಿಂದ ಜನವರಿಗೆ ಎರಡು ತಿಂಗಳು, ಜನವರಿಯಿಂದ ಮಳೆಗಾಲದ ಮುಂಚಿನ ಅಳತೆಗೆ ಅದಕ್ಕಿಂತ ಹೆಚ್ಚು. ದಿನಗಳ ಲೆಕ್ಕದಿಂದ ಬೆರಸದೆ ಎಲ್ಲಕ್ಕೂ ಸಮನಾದ ಕಾಲವನ್ನು ಕೊಟ್ಟರೆ, ಬೇಸಗೆಯ ಇಳಿತವು ಇದ್ದುದಕ್ಕಿಂತ ಅವಸರದ್ದಾಗಿ ಕಾಣುವುದು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕು. ಮೂವತ್ತು ಬಾವಿಗಳ ಅಳತೆಯಿಂದ ಹತ್ತು ಲಕ್ಷ ಗಂಟುಗಳ ಚೌಕಳಿಯನ್ನು ಮಾಡುವುದರಲ್ಲಿ ಅರ್ಥವೇನು? ಏನೂ ಇಲ್ಲ. ಹಿಡಿ ಬೀಜವನ್ನು ಹತ್ತು ಎಕರೆಗೆ ಎರಚಿದಂತಾಯಿತು. ಒಂದು ತಾಲ್ಲೋಕಿಗೆ ಇನ್ನೂರು ಉದ್ದ, ಇನ್ನೂರು ಅಗಲದ ಚೌಕಳಿಯು ಧಾರಾಳವಾಗಿ ಸಾಕು: ಗಂಟುಗಳು ೪೦,೦೦೦, ತ್ರಿಕೋನಗಳು ೭೯,೨೦೨. ಮಟ್ಟವನ್ನು ಎರಡು ಬೈಟುಗಳ ಪೂರ್ಣಾಂಕವಾಗಿ ಬರೆದರೆ, ಅರುವತ್ತು ಮೀಟರುಗಳ ಏರಿಳಿತವನ್ನೂ ಒಂದು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಹಿಡಿಯಬಹುದು; ಬಾವಿಗೆ ಇಳಿಬಿಡುವ ಟೇಪಿನ ಸೂಕ್ಷ್ಮತೆಯೇ ಅಷ್ಟಿಲ್ಲ. ಹೀಗೆ ಮಾಡಿದರೆ ಹತ್ತು ವರ್ಷಗಳ ನಲವತ್ತು ಮೇಲ್ಮೈಗಳೂ ಸೇರಿ ೩೨ ಲಕ್ಷ ಬೈಟುಗಳಲ್ಲಿ ಅಡಗುವುವು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ತೂಕ. ಖರ್ಚಿನ ವಿಷಯದಲ್ಲಿ ಆಕ್ಷೇಪಿಸುವವರು ಇದನ್ನು ಗಮನಿಸಬೇಕು. ಈಗ ಮಾರಾಟವಾಗುವ ಮೊಬೈಲುಗಳಲ್ಲಿಯೂ ಚಿತ್ರಗಣಕವಿದೆ. ೨೦೧೧ರಲ್ಲಿ ಹೊರಬಂದ ವೆಬ್ ಜಿ. ಎಲ್. ಎಂಬ ನಿಬಂಧನೆಯಿಂದ, ಬ್ರೌಸರಿನಲ್ಲಿಯೇ ಇಂತಹ ಚಿತ್ರಗಳನ್ನು ಬರೆಯುವುದು ಸಾಧ್ಯವಾಯಿತು. ೨೦೧೭ರ ಎರಡನೆಯ ಆವೃತ್ತಿಯಲ್ಲಿ, ಗಂಟಿನ ಷೇಡರು ಎತ್ತರದ ಹಾಳೆಯನ್ನು ತಾನೇ ಓದಿಕೊಳ್ಳುವ ಸೌಕರ್ಯವು ಎಲ್ಲ ಕಡೆಯೂ ಇರತಕ್ಕದ್ದೆಂದು ವಿಧಿಸಲಾಯಿತು. ಹಳೆಯ ಮೊಬೈಲುಗಳಲ್ಲಿ ಈ ಸೌಕರ್ಯವಿಲ್ಲದಿದ್ದರೆ, ಹಿಂದಿನ ಅಳತೆ ಮುಂದಿನ ಅಳತೆಗಳೆರಡನ್ನೂ ಗಂಟಿನ ಜೊತೆಯಲ್ಲಿಯೇ ಕಟ್ಟಿ ಕಳುಹಿಸಿದರೆ ಕೆಲಸ ನಡೆಯುವುದು. ಇದಕ್ಕೆ ದೊಡ್ಡ ಕಾರ್ಡುಗಳನ್ನೂ ಹೊಸ ಯಂತ್ರಗಳನ್ನೂ ಖರೀದಿ ಮಾಡಬೇಕೆಂದು ಸೂಚಿಸುವವರ ಮಾತನ್ನು ಒಪ್ಪಬೇಕಾದುದಿಲ್ಲ.

ಸಿದ್ಧಪಡಿಸಿದ ಚಲನಚಿತ್ರವನ್ನೇ ಎಲ್ಲ ಪಂಚಾಯಿತಿಗಳಿಗೂ ಹಂಚಿದರೆ ಸಾಲದೆ, ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಸಾಲದು. ಚಲನಚಿತ್ರದಲ್ಲಿ ನೋಡುವವನು ತೋರಿಸುವವನ ಇಚ್ಛೆಗೆ ಒಳಗಾದವನು. ಯಾವ ಕಡೆಯಿಂದ ನೋಡಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಬಣ್ಣವನ್ನು ಹಚ್ಚಬೇಕು ಎಂಬುದೆಲ್ಲವೂ ಮೊದಲೇ ತೀರ್ಮಾನವಾಗಿಹೋಗಿರುತ್ತದೆ. ಬೆಟ್ಟದ ಹಿಂಬದಿಯ ಊರಿನವನಿಗೆ ತನ್ನ ಊರೇ ಕಾಣದಿರಬಹುದು. ಚಿತ್ರಗಣಕದಲ್ಲಿ ಆಗಿಂದಾಗ ಬರೆಯುವ ಚಿತ್ರದಲ್ಲಾದರೋ, ಊರಿನ ಹಿರಿಯನೊಬ್ಬನು ‘ನಿಲ್ಲಿಸಪ್ಪ, ಆ ವರ್ಷದ ನವಂಬರಿಗೆ ಹಿಂದಕ್ಕೆ ಹೋಗು, ಕೆರೆಯ ಕಡೆಗೆ ತಿರುಗಿಸು’ ಎಂದು ಹೇಳಿದರೆ, ಆ ಕ್ಷಣದಲ್ಲಿಯೇ ಅದು ಆಗುವುದು. ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನ ಬಾವಿಗಳು ಎಷ್ಟು ಏರಿದವು, ಕೋಡಿಯ ಆಚೆಯವು ಏಕೆ ಏರಲಿಲ್ಲ ಎಂಬ ಚರ್ಚೆ ಆಗ ಹುಟ್ಟುತ್ತದೆ. ವೇಗವಾಗಿ ಬರೆಯುವ ಕಲೆಯಿಂದ ನಿಜವಾದ ಲಾಭವಾಗುವುದು ಇಲ್ಲಿಯೇ. ಕಣ್ಣಿಗೆ ಹಿತವೆಂಬುದು ಎರಡನೆಯ ಮಾತು.

ಇನ್ನು ನಂಬಿಕೆಯ ವಿಷಯ. ತಾಲ್ಲೋಕು ಮೂವತ್ತು ಕಿಲೋಮೀಟರು ಅಗಲವಿದ್ದು, ಅದನ್ನು ಮೂವತ್ತು ಸೆಂಟಿಮೀಟರಿನ ತೆರೆಯ ಮೇಲೆ ಬರೆದರೆ, ನೀರು ಇಪ್ಪತ್ತು ಮೀಟರು ಕುಸಿದುದು ತೆರೆಯಲ್ಲಿ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಾಗುವುದು, ಕಣ್ಣಿಗೇ ಕಾಣದು. ಆದುದರಿಂದ ಎತ್ತರವನ್ನು ನೂರುಪಾಲು ಹಿಗ್ಗಿಸಿ ತೋರಿಸಬೇಕಾಗುತ್ತದೆ. ಇದು ಅನಿವಾರ್ಯ, ಮೋಸವಲ್ಲ. ಆದರೆ ಹಿಗ್ಗಿಸಿದ್ದೇವೆಂದು ಹೇಳದಿದ್ದರೆ ಮೋಸವೇ ಆಗುವುದು. ಹಿಗ್ಗಿಸುವ ಪ್ರಮಾಣವೂ ಷೇಡರಿಗೆ ಕೊಡುವ ಒಂದೇ ಅಂಕಿಯಾದುದರಿಂದ, ಅದನ್ನು ನೋಡುವವರ ಕೈಗೇ ಕೊಟ್ಟು, ಮೊದಲು ಒಂದಕ್ಕೆ ಇಳಿಸಿ ಮೇಲ್ಮೈಯು ತಟ್ಟೆಯಂತೆ ಚಪ್ಪಟೆಯಾಗುವುದನ್ನೂ, ಬಳಿಕ ನೂರಕ್ಕೆ ಏರಿಸಿ ಹಳ್ಳದಿಣ್ಣೆಗಳು ಏಳುವುದನ್ನೂ ತೋರಿಸಿದರೆ ಯಾವ ವಿವರಣೆಯೂ ಬೇಡವಾಗುವುದು. ಬಣ್ಣದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಸಾಕು. ಬಣ್ಣದ ಅಳತೆಗೋಲು ಹತ್ತು ವರ್ಷಗಳಿಗೂ ಒಂದೇ ಆಗಿರಬೇಕು. ಚಿತ್ರದಿಂದ ಚಿತ್ರಕ್ಕೆ ತಾನಾಗಿ ಹೊಂದಿಕೊಳ್ಳುವಂತೆ ಬಿಟ್ಟರೆ, ಬರಗಾಲದ ವರ್ಷವೂ ಸುಭಿಕ್ಷದ ವರ್ಷದಂತೆಯೇ ಹಸುರಾಗಿ ಕಾಣುವುದು. ಕಾಮನಬಿಲ್ಲಿನ ಬಣ್ಣಗಳನ್ನು ಬಿಡಬೇಕು; ಇಲ್ಲದ ಗಡಿಗಳನ್ನು ಅವು ಇದ್ದಂತೆ ತೋರಿಸುವುವು, ಕೆಂಪು ಹಸುರುಗಳ ಭೇದ ತಿಳಿಯದ ಕಣ್ಣಿನವರಿಗೆ ಅರ್ಥವೂ ಆಗವು. ಮೇಲೆ ಹೇಳಿದ ಮ್ಯಾಟ್‌ಪ್ಲಾಟ್‌ಲಿಬ್ಬಿನವರೇ ೨೦೧೭ರಲ್ಲಿ ಅಂತಹ ಬಣ್ಣಗಳ ರೂಢಿಯನ್ನು ಬಿಟ್ಟು, ಕಡುನೇರಳೆಯಿಂದ ಹಳದಿಯವರೆಗೆ ಒಂದೇ ಕ್ರಮದಲ್ಲಿ ಬೆಳ್ಳಗಾಗುತ್ತ ಬರುವ ಬಣ್ಣಗಳಿಗೆ ಬದಲಾಯಿಸಿದರು.

ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು ಬತ್ತಿಹೋದ ಬಾವಿಯನ್ನು. ವೀಕ್ಷಣ ಬಾವಿಯೊಂದು ಒಣಗಿದರೆ ಅಂದು ಅಲ್ಲಿ ಅಳತೆಯಿಲ್ಲ. ಲೆಕ್ಕಿಗನು ಆ ಮನೆಯನ್ನು ಖಾಲಿ ಬಿಟ್ಟರೆ, ಅಂದಾಜಿನ ಕ್ರಮವು ನೆರೆಯ ನೀರುಳ್ಳ ಬಾವಿಗಳನ್ನು ನೋಡಿ ಅಲ್ಲಿಯೂ ನೀರಿದೆಯೆಂದು ತುಂಬಿಬಿಡುವುದು. ಬಾವಿಯ ತಳದ ಆಳವನ್ನೇ ಬರೆದರೆ, ನೀರು ಇನ್ನೆಷ್ಟೋ ಕೆಳಗೆ ಹೋಗಿದ್ದರೂ ಮೇಲ್ಮೈಯು ಅಲ್ಲಿ ನೆಲೆ ನಿಂತಂತೆ ಕಾಣುವುದು. ಅಂದರೆ ಪರಿಸ್ಥಿತಿಯು ಅತ್ಯಂತ ಕೆಟ್ಟಿರುವ ಸ್ಥಳದಲ್ಲಿಯೇ ಚಿತ್ರವು ಅತ್ಯಂತ ಸಮಾಧಾನಕರವಾಗಿ ತೋರುವುದು. ಆ ಬಾವಿಯ ಬದಲು ಪಕ್ಕದಲ್ಲಿ ಆಳವಾದ ಕೊಳವೆಯನ್ನು ಕೊರೆದು ಅಳತೆಯನ್ನು ಮುಂದುವರಿಸಿದರೆ, ಮೇಲ್ಮೈಯು ಒಂದೇ ರಾತ್ರಿಯಲ್ಲಿ ಜಿಗಿಯುವುದು. ಮೃದುವಾಗಿ ಬೆರಸುವ ಷೇಡರು ಆ ಜಿಗಿತವನ್ನೂ ಮುಚ್ಚಿ ಮೂರು ತಿಂಗಳ ಸಹಜವಾದ ಇಳಿತದಂತೆ ತೋರಿಸುವುದು. ಬತ್ತಿದ ಬಾವಿಯ ಸುತ್ತ ಮೇಲ್ಮೈಯಲ್ಲಿ ತೂತು ಬೀಳಬೇಕು. ಚುಕ್ಕೆಗಳನ್ನು ಬಿಟ್ಟುಬಿಡೆಂದು ಷೇಡರಿಗೆ ಹೇಳುವುದು ಒಂದು ಸಾಲಿನ ಕೆಲಸ. ಆದರೆ ಅಂಕಿಯಲ್ಲದ ಅಂಕಿಯನ್ನು ಎತ್ತರದ ಜಾಗದಲ್ಲಿ ಇಟ್ಟು ಈ ಕೆಲಸವನ್ನು ಮಾಡಿಸುವುದು ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ನಡೆಯುವುದೆಂಬ ಭರವಸೆಯಿಲ್ಲವಾದುದರಿಂದ, ಇದೆ ಇಲ್ಲ ಎಂಬುದನ್ನು ಹೇಳುವ ಹಾಳೆಯೊಂದನ್ನು ಬೇರೆಯಾಗಿಯೇ ಕಳುಹಿಸತಕ್ಕದ್ದು. ತೂತುಬಿದ್ದ ಕಂಬಳಿಯನ್ನು ಸಭೆಯಲ್ಲಿ ತೋರಿಸುವುದಕ್ಕೆ ಕೆಲವರು ನಾಚುವರು. ನಾಚತಕ್ಕ ವಿಷಯ ಅದಲ್ಲ.

ಕ್ರಿಗಿಂಗ್ ಕ್ರಮವು ಕೊಡುವ ಎರಡನೆಯ ಅಂಕಿಯನ್ನು, ಎಂದರೆ ಅಂದಾಜು ಎಷ್ಟು ತಪ್ಪಬಹುದೆಂಬುದನ್ನು, ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ಅದನ್ನು ಉಳಿಸಿಕೊಂಡು, ಸಂದೇಹವು ಹೆಚ್ಚಿದ ಕಡೆ ಬಣ್ಣವು ಮಸುಕಾಗುವಂತೆ ಮಾಡಿದರೆ, ಅಳೆದದ್ದು ಯಾವುದು ಊಹಿಸಿದ್ದು ಯಾವುದೆಂಬುದು ಮಗುವಿಗೂ ತಿಳಿಯುವುದು. ಕಾಲದ ವಿಷಯದಲ್ಲಿಯೂ ಹೀಗೆಯೇ: ಅಳತೆ ನಡೆದ ದಿನ ಚಿತ್ರವು ಬೆಳಗಿ ಒಂದು ಕ್ಷಣ ನಿಂತು, ನಡುವಣ ದಿನಗಳಲ್ಲಿ ಮಂಕಾಗಬೇಕು. ಬಾವಿಗಳಿರುವ ಸ್ಥಳಗಳಲ್ಲಿ ಗೂಟಗಳನ್ನು ನೆಟ್ಟು ತೋರಿಸುವುದು ಅವಶ್ಯಕ. ಗ್ರಾನೈಟು ನೈಸು ಕಲ್ಲುಗಳ ಸೀಮೆಯಲ್ಲಿ ಇದು ಎಷ್ಟು ಮುಖ್ಯವೆಂಬುದನ್ನು ಕೋಲಾರ ಚಿಕ್ಕಬಳ್ಳಾಪುರಗಳ ರೈತರಿಗೆ ಹೇಳಬೇಕಾದುದಿಲ್ಲ. ಅಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಿ ನಿಂತಿರುವುದು. ಒಂದೇ ಹೊಲದ ಎರಡು ಕೊಳವೆಗಳಲ್ಲಿ ಒಂದರಲ್ಲಿ ನೀರು, ಇನ್ನೊಂದರಲ್ಲಿ ಬರಿಯ ಧೂಳು. ಅಂತಹ ನೆಲದ ಮೇಲೆ ನಯವಾದ ಮೇಲ್ಮೈಯನ್ನು ಹಾಸಿ, ಇಂತಹ ಸರ್ವೆ ನಂಬರಿನಲ್ಲಿ ಇಷ್ಟು ಅಡಿಗೆ ನೀರು ಎಂದು ಚಿತ್ರದಿಂದ ಓದಿ ಹೇಳುವವನಿಗೂ, ತೆಂಗಿನಕಾಯಿ ಹಿಡಿದು ಹೊಲ ಸುತ್ತುವವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೋಬಳಿಯ ಒಟ್ಟು ಏರಿಳಿತವನ್ನು ತಿಳಿಯಲು ಈ ಚಿತ್ರವು ಯೋಗ್ಯ. ಕೊರೆಯುವ ಸ್ಥಳವನ್ನು ಗುರುತಿಸಲು ಅಯೋಗ್ಯ.

ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ ಲೆಕ್ಕಹಾಕಿ ತೋರಿಸುವವರು, ನೆಲದ ಎತ್ತರವನ್ನು ಎಲ್ಲಿಂದ ತಂದರೆಂದು ಕೇಳತಕ್ಕದ್ದು. ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ನೌಕೆಯು ಆಕಾಶದಿಂದ ರೇಡಾರಿನ ಮೂಲಕ ಅಳೆದ ಅಂಕಿಗಳೂ, ಭಾರತವು ೨೦೦೫ರ ಮೇ ತಿಂಗಳಲ್ಲಿ ಹಾರಿಸಿದ ಕಾರ್ಟೋಸ್ಯಾಟ್-೧ ಉಪಗ್ರಹದ ಚಿತ್ರಗಳಿಂದ ತೆಗೆದ ಅಂಕಿಗಳೂ ಸುಮಾರು ಮೂವತ್ತು ಮೀಟರುಗಳ ಅಂತರದಲ್ಲಿ ಉಚಿತವಾಗಿ ದೊರೆಯುತ್ತವೆ. ನಾಡಿನ ಇಳಿಜಾರನ್ನು ತೋರಿಸಲು ಇವು ಬಹಳ ಉಪಯುಕ್ತ. ಆದರೆ ಕೆಲವು ಮೀಟರುಗಳ ತಪ್ಪು ಇವುಗಳಲ್ಲಿ ಸಾಮಾನ್ಯ. ನೆಲದ ಎತ್ತರವು ಐದು ಮೀಟರು ತಪ್ಪಿದರೆ ನೀರಿನ ಎತ್ತರವೂ ಐದು ಮೀಟರು ತಪ್ಪುವುದು. ಬಾವಿಯ ಕಟ್ಟೆಯನ್ನು ಮಟ್ಟದ ಯಂತ್ರವಿಟ್ಟು ಅಳೆಯದಿರುವ ಕಡೆಯಲ್ಲಿ, ನೆಲದಿಂದ ನೀರಿಗೆ ಎಷ್ಟು ಆಳ, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂಬುದನ್ನು ಮಾತ್ರ ಮೇಲ್ಮೈಯಾಗಿ ಬರೆಯುವುದು ಕ್ಷೇಮ. ಅದಕ್ಕೆ ಟೇಪು ಸಾಕು.

ಇದೇ ಸಂದರ್ಭದಲ್ಲಿ ಗ್ರೇಸ್ ಉಪಗ್ರಹಗಳ ಮಾತನ್ನೂ ಹೇಳಬೇಕು. ೨೦೦೨ರ ಮಾರ್ಚಿಯಲ್ಲಿ ಹಾರಿದ ಈ ಜೋಡಿಯು, ತಮ್ಮಿಬ್ಬರ ನಡುವಣ ದೂರದ ಅತಿ ಸೂಕ್ಷ್ಮವಾದ ವ್ಯತ್ಯಾಸದಿಂದ ಭೂಮಿಯ ಆಕರ್ಷಣೆಯ ಹೆಚ್ಚುಕಡಿಮೆಯನ್ನು ೨೦೧೭ರವರೆಗೆ ಅಳೆಯಿತು. ೨೦೧೮ರ ಮೇ ತಿಂಗಳಲ್ಲಿ ಅವುಗಳ ಸ್ಥಾನಕ್ಕೆ ಬೇರೆ ಜೋಡಿಯನ್ನು ಕಳುಹಿಸಲಾಯಿತು. ಈ ಅಳತೆಗಳಿಂದ ರೋಡೆಲ್, ವೆಲಿಕೋಗ್ನ, ಫಾಮಿಗ್ಲಿಯೆಟ್ಟಿ ಎಂಬ ಮೂವರು ವಿಜ್ಞಾನಿಗಳು, ರಾಜಸ್ಥಾನ, ಪಂಜಾಬು, ಹರಿಯಾಣ ಮತ್ತು ದೆಹಲಿಗಳಲ್ಲಿ ೨೦೦೨ರ ಆಗಸ್ಟಿನಿಂದ ೨೦೦೮ರ ಅಕ್ಟೋಬರಿನವರೆಗೆ ೧೦೯ ಘನ ಕಿಲೋಮೀಟರು ಅಂತರ್ಜಲವು ನಷ್ಟವಾಯಿತೆಂದು ೨೦೦೯ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೋಷ್ಟಕಗಳನ್ನು ಎಂದೂ ಓದದ ಲೋಕವು ಆ ವಿಷಯವನ್ನು ಗಮನಿಸಿದುದರಲ್ಲಿ ಕೆಂಪು ನಕ್ಷೆಗಳ ಪಾತ್ರ ದೊಡ್ಡದು. ಆದರೆ ಈ ಉಪಗ್ರಹಗಳ ಕಣ್ಣಿಗೆ ಕೆಲವು ನೂರು ಕಿಲೋಮೀಟರುಗಳ ಅಗಲದ ಪ್ರದೇಶವು ಒಂದು ಚುಕ್ಕೆಯಿದ್ದಂತೆ. ಚಿತ್ರಗಣಕವು ಎರಡು ಚುಕ್ಕೆಗಳ ನಡುವೆ ತಾನಾಗಿ ಬಣ್ಣವನ್ನು ಬೆರಸಿ ನಯಮಾಡುವುದರಿಂದ, ಆ ನಕ್ಷೆಯನ್ನು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಕೊನೆಗೆ ಒಂದು ಗ್ರಾಮದ ಮೇಲೆಯೇ ಏನೋ ತಿಳಿದಂತೆ ಬಣ್ಣ ಕಾಣುವುದು. ಅಂತಹ ನಕ್ಷೆಯನ್ನು ತಾಲ್ಲೋಕಿನ ಸಭೆಯಲ್ಲಿ ತೋರಿಸಿ ಬಾವಿಗಳ ಅನುಮತಿಯ ಚರ್ಚೆ ಮಾಡುವುದು ನ್ಯಾಯವಲ್ಲ.

ಇಂತಹ ಚಿತ್ರಗಳನ್ನು ಬರೆಯಲು ತಜ್ಞರೇ ಬೇಕು, ತಾಲ್ಲೋಕುಗಳಲ್ಲಿ ಅವರು ಎಲ್ಲಿ ಸಿಕ್ಕುವರು ಎಂಬ ಆಕ್ಷೇಪಣೆಯೂ ಉಂಟು. ಷೇಡರುಗಳನ್ನು ಒಂದು ಸಲ ಸರಿಯಾಗಿ ಬರೆದರೆ ಎಲ್ಲ ತಾಲ್ಲೋಕುಗಳಿಗೂ ಅವೇ ನಡೆಯುವುವು. ಬದಲಾಗುವುದು ಅಂಕಿಗಳು ಮಾತ್ರ. ವಿಸ್‌ಪೈ, ತ್ರೀ ಜೆ. ಎಸ್. ಮುಂತಾದ ಸಾಧನಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ; ಊರೂರಿನಲ್ಲಿಯೂ ಇಂಜಿನಿಯರಿಂಗ್ ಓದಿ ಬಂದಿರುವ ಹುಡುಗರಿದ್ದಾರೆ. ಕಷ್ಟವಾದ ಕೆಲಸವು ಇನ್ನೊಂದು ಕಡೆಯಿದೆ. ವರ್ಷಕ್ಕೆ ನಾಲ್ಕು ಸಲ, ಪಂಪನ್ನು ನಿಲ್ಲಿಸಿ ನೀರು ತನ್ನ ಮಟ್ಟಕ್ಕೆ ಬಂದ ಮೇಲೆ, ಅದೇ ಬಾವಿಯನ್ನು ಅದೇ ಗುರುತಿನಿಂದ ಅಳೆದು, ಒಣಗಿದ್ದರೆ ಒಣಗಿದೆಯೆಂದೇ ಬರೆಯುವವರು ಬೇಕು. ಸರ್ಕಾರದ ವೀಕ್ಷಣ ಬಾವಿಗಳ ಜೊತೆಗೆ ಗ್ರಾಮಕ್ಕೆ ಎರಡು ಖಾಸಗಿ ಬಾವಿಗಳಾದರೂ ಹೀಗೆ ಸೇರಿದರೆ, ಮೂವತ್ತು ಗೂಟಗಳ ಚಿತ್ರವು ಇನ್ನೂರು ಮುನ್ನೂರು ಗೂಟಗಳದ್ದಾಗುವುದು, ಮಸುಕು ಕಡಿಮೆಯಾಗುವುದು. ಬಾವಿಯ ಕಟ್ಟೆಯ ಮೇಲೆ ಅಳತೆಯ ಗುರುತನ್ನು ಬಣ್ಣದಿಂದ ಹಾಕಿಸುವುದನ್ನೂ, ಪಂಪು ನಿಂತು ಎಷ್ಟು ಹೊತ್ತಾಯಿತೆಂಬುದನ್ನು ಅಂಕಿಯ ಪಕ್ಕದಲ್ಲಿ ಬರೆಯಿಸುವುದನ್ನೂ ಜಮೀನುದಾರರು ಮುಂದಿನ ನವಂಬರಿನ ಅಳತೆಯಿಂದಲೇ ಆರಂಭಿಸಬಹುದು.